ಬೇಯಿಸಿದ ಮೊಟ್ಟೆ ಫ್ರಿಜ್‌ನಲ್ಲಿ ಎಷ್ಟು ದಿನ, ಹೇಗೆ?

ಒಂದೇ ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಬೇಯಿಸಿ ಫ್ರಿಜ್‌ನಲ್ಲಿ ಇಟ್ಟುಕೊಂಡರೆ ಬೆಳಗಿನ ಗಡಿಬಿಡಿ ಎಷ್ಟೋ ಕಡಿಮೆಯಾಗುತ್ತದೆ. ಆದರೆ ಹೀಗೆ ಇಡುವವರಲ್ಲಿ ಬಹಳಷ್ಟು ಮಂದಿ, ಹಸಿ ಮೊಟ್ಟೆಯೇ ವಾರಗಟ್ಟಲೆ ಕೆಡದೆ ಇರುವಾಗ ಬೇಯಿಸಿದ್ದು ಅದಕ್ಕಿಂತ ಹೆಚ್ಚು ದಿನ ಉಳಿದೀತು ಎಂದುಕೊಂಡಿರುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಫ್ರಿಜ್‌ನಲ್ಲಿಟ್ಟ ಹಸಿ ಮೊಟ್ಟೆ 3ರಿಂದ 5 ವಾರ ಬಳಕೆಗೆ ಯೋಗ್ಯವಾಗಿದ್ದರೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಗಡುವು ಕೇವಲ 7 ದಿನ. ಈ ಏಳು ದಿನಗಳ ಲೆಕ್ಕವೂ ಮೊಟ್ಟೆ ಬೆಂದ ದಿನದಿಂದ ಶುರುವಾಗುತ್ತದೆಯೇ ಹೊರತು ಅದರ ಸಿಪ್ಪೆ ಸುಲಿದ ದಿನದಿಂದ ಅಲ್ಲ.

ಇದು ಹೀಗೇಕೆ ಎಂಬುದು ತಿಳಿದಿದ್ದರೆ ಮುಂದಿನ ಹಂತಗಳನ್ನು ನೆನಪಿಟ್ಟುಕೊಳ್ಳಲು ಕಷ್ಟಪಡಬೇಕಾಗಿಲ್ಲ. ಮೊಟ್ಟೆಯ ಸಿಪ್ಪೆ ನೋಡಲು ಗಟ್ಟಿಯಾಗಿದ್ದರೂ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಸಾವಿರಾರು ಇರುತ್ತವೆ. ಕೋಳಿ ಮೊಟ್ಟೆಯಿಡುವ ಹೊತ್ತಿಗೆ ಸಿಪ್ಪೆಯ ಮೇಲೆ ಬಹಳ ತೆಳುವಾದ ಲೇಪವೊಂದು ಬಂದಿದ್ದು, ಅದು ಈ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ತೊಳೆದಾಗಲೇ ಸವೆಯುವ ಈ ಲೇಪ ಕುದಿಯುವ ನೀರಿನಲ್ಲಿ ಉಳಿಯುವುದಿಲ್ಲ. ಇದು ಹೊರಗಿನ ಕಾವಲಾದರೆ ಒಳಗಿನ ಕಾವಲು ಬೇರೆಯೇ ಇದೆ. ಹಸಿ ಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೊಜೈಮ್ ಎಂಬ ಕಿಣ್ವವು ಕೆಲವು ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನೇ ಒಡೆಯುತ್ತದೆ. ಅಲ್ಲಿಯೇ ಇರುವ ಮತ್ತೊಂದು ಪ್ರೋಟೀನು ಬ್ಯಾಕ್ಟೀರಿಯಾದ ಬೆಳವಣಿಗೆಗೆ ಬೇಕಾದ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಅದನ್ನು ಉಪವಾಸ ಕೆಡವುತ್ತದೆ. ಮೊಟ್ಟೆ ಬೆಂದು ಬಿಳಿಭಾಗ ಗಟ್ಟಿಯಾದಾಗ ಈ ಪ್ರೋಟೀನುಗಳ ಶಕ್ತಿಯೂ ಬಹುಪಾಲು ನಾಶವಾಗುತ್ತದೆ. ಒಟ್ಟಿನಲ್ಲಿ ಕುದಿಸುವುದರಿಂದ ಒಳಗಿದ್ದ ರೋಗಾಣುಗಳು ಸಾಯುತ್ತವೆ ನಿಜ, ಆದರೆ ಹೊಸದಾಗಿ ಬರುವವನ್ನು ತಡೆಯಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

ಬೇಯಿಸುವಾಗಲೇ ಗಮನ

ಇಟ್ಟುಕೊಂಡು ತಿನ್ನಬೇಕೆಂದಿರುವ ಮೊಟ್ಟೆಗಳನ್ನು ಆರಿಸುವಾಗ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಬೇಯಿಸುವ ಮೊದಲೇ ಸಿಪ್ಪೆ ಬಿರುಕು ಬಿಟ್ಟಿದ್ದರೆ ಅದು ಯಾವಾಗ ಬಿಟ್ಟಿತು, ಒಳಗೆ ಏನು ಸೇರಿತು ಎಂಬುದು ಗೊತ್ತಾಗುವುದಿಲ್ಲವಾದ್ದರಿಂದ ಅಂಥದ್ದನ್ನು ಬಳಸದಿರುವುದೇ ಸರಿ. ಬೇಯುವಾಗ ಬಿರುಕು ಬಿಟ್ಟ ಮೊಟ್ಟೆಗೆ ಈ ದೋಷವಿಲ್ಲ. ಆದರೂ ಅದನ್ನು ದಾಸ್ತಾನಿಗೆ ಸೇರಿಸದೆ ಅಂದೇ ತಿಂದುಬಿಡಬೇಕು.

ಇನ್ನು, ತೀರಾ ತಾಜಾ ಮೊಟ್ಟೆ ಈ ಕೆಲಸಕ್ಕೆ ಅಷ್ಟು ಅನುಕೂಲವಲ್ಲ. ಹೊಸ ಮೊಟ್ಟೆಯ ಬಿಳಿಭಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಕರಗಿಕೊಂಡಿರುತ್ತದೆ. ದಿನ ಕಳೆದಂತೆ ಅದು ಸಿಪ್ಪೆಯ ರಂಧ್ರಗಳ ಮೂಲಕ ಹೊರಹೋಗಿ ಬಿಳಿಭಾಗ ಹೆಚ್ಚು ಕ್ಷಾರೀಯವಾಗುತ್ತದೆ, ಆಗ ಬೆಂದ ಬಿಳಿಭಾಗ ಸಿಪ್ಪೆಯೊಳಗಿನ ಪೊರೆಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಆದ್ದರಿಂದ ಒಂದು ವಾರದಷ್ಟು ಹಳೆಯ ಮೊಟ್ಟೆಯ ಸಿಪ್ಪೆ ಸಲೀಸಾಗಿ ಬರುತ್ತದೆ. ಇವತ್ತೇ ಇಟ್ಟ ಮೊಟ್ಟೆಯನ್ನು ಸುಲಿಯಲು ಹೋದರೆ ಬಿಳಿಭಾಗದ ಅರ್ಧ ಸಿಪ್ಪೆಗೇ ಕಚ್ಚಿಕೊಂಡು ಬರುವುದುಂಟು.

ಫ್ರಿಜ್‌ನಲ್ಲಿಡುವ ಮೊಟ್ಟೆಯ ಹಳದಿ ಭಾಗ ನಡುವಿನವರೆಗೂ ಪೂರ್ತಿ ಗಟ್ಟಿಯಾಗಿರಬೇಕು. ನೀರು ಕುದಿ ಬಂದ ಮೇಲೆ 10ರಿಂದ 12 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿದರೆ ಸಾಮಾನ್ಯ ಗಾತ್ರದ ಮೊಟ್ಟೆಗೆ ಸಾಕು. ಹಳದಿ ಇನ್ನೂ ಹರಿಯುವಂತಿರುವ ಅರೆಬೆಂದ ಮೊಟ್ಟೆಗೆ ಈ ಲೇಖನದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಅದನ್ನು ಬಿಸಿಯಿರುವಾಗಲೇ ತಿನ್ನಬೇಕು.

ತಣಿಸುವ ಹತ್ತು ನಿಮಿಷ

ಇಡೀ ಕೆಲಸದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಹಂತ ಇದು. ಒಲೆ ಆರಿಸಿ ಮೊಟ್ಟೆಗಳನ್ನು ಬಿಸಿನೀರಿನಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಅವು ಒಳಗೊಳಗೇ ಬೇಯುತ್ತಲೇ ಇರುತ್ತವೆ. ಆಗ ಬಿಳಿಭಾಗದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಹಳದಿಯಲ್ಲಿರುವ ಕಬ್ಬಿಣದೊಂದಿಗೆ ಸೇರಿ, ಹಳದಿಯ ಸುತ್ತ ಬೂದು ಬೆರೆತ ಹಸಿರು ಉಂಗುರವೊಂದನ್ನು ಮೂಡಿಸುತ್ತದೆ. ಈ ಉಂಗುರದಿಂದ ಆರೋಗ್ಯಕ್ಕೆ ತೊಂದರೆಯೇನೂ ಇಲ್ಲ. ಅದನ್ನು ಕಂಡು ಮೊಟ್ಟೆ ಕೆಟ್ಟಿದೆಯೆಂದು ಎಸೆಯುವವರಿದ್ದಾರೆ, ಹಾಗೆ ಮಾಡುವ ಅಗತ್ಯವಿಲ್ಲ. ಆದರೆ ಹೆಚ್ಚು ಬೆಂದ ಮೊಟ್ಟೆಯ ಗಂಧಕದ ವಾಸನೆ ಫ್ರಿಜ್‌ನೊಳಗೂ ಹರಡುವುದರಿಂದ ಅದನ್ನು ತಪ್ಪಿಸುವುದು ಒಳ್ಳೆಯದು.

ಅಗಲವಾದ ಪಾತ್ರೆಯಲ್ಲಿ ತಣ್ಣೀರು ತುಂಬಿ, ಐಸ್ ಇದ್ದರೆ ಒಂದಿಷ್ಟು ಹಾಕಿ, ಬೆಂದ ಮೊಟ್ಟೆಗಳನ್ನು ಒಲೆಯಿಂದ ನೇರವಾಗಿ ಅದರೊಳಗೆ ಇಳಿಸಬೇಕು. ಐಸ್ ಇಲ್ಲದಿದ್ದರೆ ನೀರು ಬೆಚ್ಚಗಾದಂತೆಲ್ಲ ಚೆಲ್ಲಿ ಎರಡು ಮೂರು ಬಾರಿ ಬದಲಿಸಬೇಕಾಗುತ್ತದೆ. ಸುಮಾರು ಹತ್ತು ನಿಮಿಷದ ನಂತರ ಒಂದು ಮೊಟ್ಟೆಯನ್ನು ಎತ್ತಿ ಅಂಗೈಯಲ್ಲಿ ಅರ್ಧ ನಿಮಿಷ ಹಿಡಿದುಕೊಂಡರೆ ಒಳಗಿನ ಬಿಸಿ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಿಪ್ಪೆ ಮೊದಲು ತಣ್ಣಗೆನಿಸಿ ಆಮೇಲೆ ಮೆಲ್ಲನೆ ಬೆಚ್ಚಗಾದರೆ ಇನ್ನಷ್ಟು ಹೊತ್ತು ನೀರಿನಲ್ಲೇ ಬಿಡಬೇಕು.

ಈ ನೀರು ಕುಡಿಯಲು ಯೋಗ್ಯವಾದ ನೀರೇ ಆಗಿರಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬಿಸಿ ಮೊಟ್ಟೆ ತಣ್ಣಗಾಗುವಾಗ ಒಳಗಿನ ಪದಾರ್ಥವೂ, ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಗೂಡಿನ ಗಾಳಿಯೂ ಕುಗ್ಗುತ್ತವೆ. ಹಾಗೆ ಕುಗ್ಗಿದಾಗ ಹೊರಗಿನ ನೀರು ಒಂದಿಷ್ಟು ಸಿಪ್ಪೆಯ ರಂಧ್ರಗಳ ಮೂಲಕ ಒಳಕ್ಕೆ ಎಳೆಯಲ್ಪಡುತ್ತದೆ. ನೀರಿನಲ್ಲಿ ಕೊಳೆಯಿದ್ದರೆ ಅದೂ ಜೊತೆಗೇ ಒಳಸೇರುತ್ತದೆ. ಹಸಿ ಮೊಟ್ಟೆ ತೊಳೆದು ಬಿಟ್ಟ ನೀರಿನಲ್ಲೋ, ಪಾತ್ರೆ ತೊಳೆಯುವ ಸಿಂಕ್‌ನಲ್ಲಿ ನಿಂತ ನೀರಿನಲ್ಲೋ ಬೇಯಿಸಿದ ಮೊಟ್ಟೆ ತಣಿಸಬಾರದೆನ್ನುವುದು ಈ ಕಾರಣಕ್ಕೆ.

ಒಲೆಯಿಂದ ಇಳಿದ ಮೊಟ್ಟೆ 2 ಗಂಟೆಯೊಳಗೆ ಫ್ರಿಜ್ ಸೇರಬೇಕು. ಸುತ್ತಲಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿರುವ ಬೇಸಿಗೆಯಲ್ಲಿ ಈ ಅವಧಿ 1 ಗಂಟೆಗೆ ಇಳಿಯುತ್ತದೆ. 4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ. ರಾತ್ರಿ ಬೇಯಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಮರೆತ ಮೊಟ್ಟೆಯನ್ನು ಬೆಳಿಗ್ಗೆ ಫ್ರಿಜ್‌ಗೆ ಹಾಕುವುದರಿಂದಾಗಲಿ, ಮತ್ತೊಮ್ಮೆ ಕುದಿಸುವುದರಿಂದಾಗಲಿ ಅದು ಸರಿಹೋಗುವುದಿಲ್ಲ, ಏಕೆಂದರೆ ಸ್ಟೆಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಬೆಳೆಯುವಾಗ ಬಿಡುವ ವಿಷ ಕುದಿಸಿದರೂ ಹೋಗುವಂಥದ್ದಲ್ಲ.

ಒರೆಸಿ, ಗುರುತು ಹಾಕಿ

ತಣಿದ ಮೊಟ್ಟೆಗಳನ್ನು ಶುಭ್ರವಾದ ಒಣ ಬಟ್ಟೆಯಿಂದ ಒರೆಸಿ, ಸಿಪ್ಪೆ ಪೂರ್ತಿ ಒಣಗಿದ ಮೇಲೆಯೇ ಒಳಗಿಡಬೇಕು. ಸಿಪ್ಪೆ ಒದ್ದೆಯಿದ್ದರೆ ಬ್ಯಾಕ್ಟೀರಿಯಾ ರಂಧ್ರದೊಳಕ್ಕೆ ಇಳಿಯುವುದು ಸುಲಭ. ನಂತರ ಪ್ರತಿಯೊಂದರ ಮೇಲೂ ಬೇಯಿಸಿದ ದಿನಾಂಕವನ್ನು ಬರೆಯಬೇಕು. ಇದಕ್ಕೆ ಮರದ ಪೆನ್ಸಿಲ್ಲೇ ಯೋಗ್ಯ. ಪೆನ್ನಿನ ಶಾಯಿ ರಂಧ್ರಗಳ ಮೂಲಕ ಒಳಗಿನ ಬಿಳಿಭಾಗಕ್ಕೂ ತಾಗಬಹುದು.

ಗುರುತು ಹಾಕುವ ಈ ಅಭ್ಯಾಸ ನನಗೆ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಬೇಯಿಸಿದವನ್ನೂ ಹಸಿಯವನ್ನೂ ಒಂದೇ ಟ್ರೇಯಲ್ಲಿ ಇಟ್ಟು, ಎಡಗಡೆಯವು ಬೆಂದವು ಎಂದು ಮನಸ್ಸಿನಲ್ಲೇ ಲೆಕ್ಕವಿಟ್ಟುಕೊಂಡಿದ್ದೆ. ಮನೆಯಲ್ಲಿ ಬೇರೊಬ್ಬರು ಟ್ರೇಯನ್ನು ತಿರುಗಿಸಿ ಇಟ್ಟದ್ದು ನನಗೆ ಗೊತ್ತಾದದ್ದು, ಸುಲಿಯಲೆಂದು ಮೇಜಿಗೆ ಕುಟ್ಟಿದ ಮೊಟ್ಟೆಯ ಲೋಳೆ ಮಡಿಲಿಗೆ ಹರಿದಾಗ. ಗುರುತು ಹಾಕಲು ಮರೆತವರಿಗೂ ಒಂದು ಉಪಾಯವಿದೆ. ಮೊಟ್ಟೆಯನ್ನು ಸಮತಟ್ಟಾದ ಜಾಗದಲ್ಲಿ ಬುಗುರಿಯಂತೆ ತಿರುಗಿಸಿ ಬಿಟ್ಟರೆ, ಬೆಂದದ್ದು ಒಂದೇ ಸಮನೆ ಸುತ್ತುತ್ತದೆ; ಹಸಿಯದಾದರೆ ಒಳಗಿನ ದ್ರವ ಸಿಪ್ಪೆಯ ವೇಗಕ್ಕೆ ಹೊಂದಿಕೊಳ್ಳದೆ ಹಿಂದುಳಿಯುವುದರಿಂದ ತಡವರಿಸುತ್ತ ನಿಧಾನವಾಗಿ ಸುತ್ತುತ್ತದೆ. ಆದರೆ ಬೇಯಿಸಿ ಎಷ್ಟು ದಿನವಾಯಿತೆಂದು ಈ ಪರೀಕ್ಷೆ ಹೇಳಲಾರದು, ಅದಕ್ಕೆ ಪೆನ್ಸಿಲ್ಲೇ ಬೇಕು.

ಫ್ರಿಜ್‌ನಲ್ಲಿ ಯಾವ ಜಾಗ

ಅನೇಕ ಫ್ರಿಜ್‌ಗಳ ಬಾಗಿಲಲ್ಲಿ ಮೊಟ್ಟೆ ಇಡಲೆಂದೇ ಗುಳಿಗಳನ್ನು ಮಾಡಿರುತ್ತಾರೆ. ಬೇಯಿಸಿದ ಮೊಟ್ಟೆಗೆ ಅದು ಸರಿಯಾದ ಜಾಗವಲ್ಲ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಬಿಸಿ ಗಾಳಿ ಮೊದಲು ತಾಗುವುದು ಅಲ್ಲಿಗೇ. ನಡುವಿನ ಅಥವಾ ಕೆಳಗಿನ ಹಲಗೆಯ ಹಿಂಭಾಗದಲ್ಲಿ ತಂಪು ಹೆಚ್ಚು ಏರಿಳಿಯದೆ ನಿಲ್ಲುತ್ತದೆ. ಆ ಜಾಗ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಫ್ರಿಜ್‌ನ ಗುಂಡಿಯ ಮೇಲಿರುವ ಅಂಕಿಗಳಿಂದ ಇದು ತಿಳಿಯುವುದಿಲ್ಲ. ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಅಲ್ಲಿಟ್ಟು ಬೆಳಿಗ್ಗೆ ನೋಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ.

ಸಿಪ್ಪೆಯಿರುವ ಮೊಟ್ಟೆಗಳಾದರೂ ಸರಿ, ಮುಚ್ಚಳವಿರುವ ಡಬ್ಬಿಯಲ್ಲೇ ಇಡಬೇಕು. ಹೆಚ್ಚಿಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೀನು ಇವುಗಳ ವಾಸನೆಯನ್ನು ಮೊಟ್ಟೆ ಹೀರಿಕೊಳ್ಳುತ್ತದೆ. ಮೊಟ್ಟೆಯ ವಾಸನೆ ಹಾಲು, ಬೆಣ್ಣೆಗಳಿಗೆ ತಗಲುತ್ತದೆ. ಹಸಿ ಮಾಂಸದ ನೀರು ಸೋರಿ ಬೀಳುವಂಥ ಕಡೆಯಂತೂ ಡಬ್ಬಿಯನ್ನು ಇಡಲೇಬಾರದು.

ಸುಲಿದ ಮೊಟ್ಟೆಯ ಪಾಡು

ಸುಲಿದೇ ಇಡಬೇಕೋ ಸಿಪ್ಪೆಯೊಂದಿಗೆ ಇಡಬೇಕೋ ಎಂದು ಕೇಳಿದರೆ ಸಿಪ್ಪೆಯೊಂದಿಗೇ ಎನ್ನುವುದು ನನ್ನ ಉತ್ತರ. ರಂಧ್ರಗಳಿದ್ದರೂ ಅದೊಂದು ಹೊದಿಕೆ. ಕೈಯ ಸ್ಪರ್ಶದಿಂದಲೂ ತೇವ ಆರಿಹೋಗುವುದರಿಂದಲೂ ಅದು ಮೊಟ್ಟೆಯನ್ನು ಕಾಯುತ್ತದೆ. ಸುಲಿದು ಹಾಗೆಯೇ ತಟ್ಟೆಯಲ್ಲಿ ಬಿಟ್ಟ ಮೊಟ್ಟೆಯನ್ನು ಮರುದಿನ ನೋಡಿದರೆ ಮೇಲ್ಮೈ ಮಾಸಲು ಹಳದಿಗೆ ತಿರುಗಿ, ಚರ್ಮದಂತೆ ಬಿಗಿದುಕೊಂಡಿರುತ್ತದೆ.

ಸುಲಿದೇ ಇಡಬೇಕಾದ ಸಂದರ್ಭ ಬಂದರೆ ಮೊದಲು ಸೋಪು ಹಚ್ಚಿ ಕೈ ತೊಳೆದುಕೊಂಡು, ಸುಲಿದ ಮೊಟ್ಟೆಗೆ ಅಂಟಿದ ಸಿಪ್ಪೆಯ ಚೂರುಗಳನ್ನು ಕುಡಿಯುವ ನೀರಿನಲ್ಲಿ ತೊಳೆದು ತೆಗೆಯಬೇಕು. ಟಿಶ್ಯೂ ಪೇಪರನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಡಬ್ಬಿಯ ತಳಕ್ಕೆ ಹಾಸಿ, ಮೊಟ್ಟೆಗಳನ್ನು ಒಂದೇ ಪದರದಲ್ಲಿ ಜೋಡಿಸಿ, ಮೇಲೂ ಅಂಥದೇ ಒಂದು ಕಾಗದ ಹೊದಿಸಿ ಗಾಳಿಯಾಡದಂತೆ ಮುಚ್ಚಬೇಕು. ಕಾಗದವನ್ನು ದಿನವೂ ಬದಲಿಸಬೇಕು. ತಣ್ಣೀರಿನಲ್ಲಿ ಮುಳುಗಿಸಿಡುವ ಪದ್ಧತಿಯೂ ಇದೆ. ಅದರಲ್ಲೂ ನೀರನ್ನು ದಿನವೂ ಬದಲಿಸಬೇಕು, ಹಾಗೆ ಮಾಡಿದರೂ ರುಚಿ ಸಪ್ಪೆಯಾಗುವುದು ತಪ್ಪುವುದಿಲ್ಲ. ಸುಲಿದ ಮೊಟ್ಟೆಗೂ ಗಡುವು ಒಂದು ವಾರವೆಂದೇ ಅಮೆರಿಕದ ಕೃಷಿ ಇಲಾಖೆಯ ಸೂಚನೆಯಿದ್ದರೂ, ಎರಡನೆಯ ದಿನ ದಾಟಿದ ಮೇಲೆ ಅದರಲ್ಲಿ ತಿನ್ನುವ ಸುಖ ಉಳಿದಿರುವುದಿಲ್ಲ. ಹೆಚ್ಚಿ ಸಾಸ್‌ನೊಂದಿಗೆ ಕಲಸಿದ ಸಲಾಡ್ 3ರಿಂದ 4 ದಿನಕ್ಕಿಂತ ಹೆಚ್ಚು ಇರುವುದಿಲ್ಲ.

ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬಾರದೇ ಎಂಬ ಯೋಚನೆ ಬರುವುದು ಸಹಜ. ಬೆಂದ ಬಿಳಿಭಾಗ ಹೆಪ್ಪುಗಟ್ಟಿ ಕರಗಿದಾಗ ನೀರು ಬಿಟ್ಟುಕೊಂಡು ರಬ್ಬರಿನಂತೆ ಜಗಿಯಬೇಕಾದ ಸ್ಥಿತಿಗೆ ಬರುತ್ತದೆ. ಬೆಂದ ಹಳದಿಯನ್ನಷ್ಟೇ ಬಿಡಿಸಿ ಇಡಬಹುದು.

ವಿನೆಗರ್‌ನಲ್ಲಿ ಹಾಕಿಡುವ ಮೊಟ್ಟೆಗೂ ಫ್ರಿಜ್ ಬೇಡವೆಂದು ತಿಳಿಯಬಾರದು. 1997ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮನೆಯಲ್ಲೇ ಹೀಗೆ ಹಾಕಿದ್ದ ಮೊಟ್ಟೆ ತಿಂದ ಒಬ್ಬರಿಗೆ ಬೊಟುಲಿಸಂ ಎಂಬ ಪಾರ್ಶ್ವವಾಯು ತರುವ ವಿಷಬಾಧೆ ತಗುಲಿದ್ದು ದಾಖಲಾಗಿದೆ. ಅಲ್ಲಿ ಮೊಟ್ಟೆಗಳಿಗೆ ಟೂತ್‌ಪಿಕ್‌ನಿಂದ ಚುಚ್ಚಲಾಗಿತ್ತು, ಜಾಡಿಯನ್ನು ಫ್ರಿಜ್‌ನ ಹೊರಗೆ ಇಡಲಾಗಿತ್ತು. ಹುಳಿ ಹಳದಿಯ ನಡುವಿನವರೆಗೆ ಇಳಿಯಲು ಸಮಯ ಬೇಕು. ಅಷ್ಟರೊಳಗೆ ಗಾಳಿಯಿಲ್ಲದ ಆ ಜಾಗದಲ್ಲಿ ಬ್ಯಾಕ್ಟೀರಿಯಾ ವಿಷ ಉತ್ಪಾದಿಸಬಲ್ಲದು.

ಹೊರಗೆ ತೆಗೆದ ಮೇಲೆ

ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಡಬ್ಬಿಯನ್ನು ಕೂಡಲೇ ಒಳಗಿಡಬೇಕು. ಹೊರಬಂದ ತಣ್ಣನೆಯ ಮೊಟ್ಟೆಯ ಮೇಲೆ ಗಾಳಿಯ ತೇವ ಹನಿಗಟ್ಟುವುದರಿಂದ ಹೊರಗೊಮ್ಮೆ ಒಳಗೊಮ್ಮೆ ಇಡುವುದು ಒಳ್ಳೆಯದಲ್ಲ, ಮತ್ತು ಹೊರಗೆ ಒಟ್ಟು 2 ಗಂಟೆ ಕಳೆದ ಮೊಟ್ಟೆಯನ್ನು ಮರಳಿ ಇಡಬಾರದು. ಬಿಸಿಯಾಗಿ ತಿನ್ನಬೇಕೆನಿಸಿದರೆ ಸಿಪ್ಪೆಸಹಿತ ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಆಯಿತು. ಇಡೀ ಮೊಟ್ಟೆಯನ್ನು, ಸುಲಿದಿದ್ದರೂ, ಮೈಕ್ರೊವೇವ್‌ನಲ್ಲಿ ಇಡಬಾರದು. ಒಳಗೆ ಸಿಕ್ಕಿಬಿದ್ದ ನೀರು ಕುದಿಯುವ ಮಟ್ಟಕ್ಕೂ ಮೀರಿ ಕಾದು, ಹೊರತೆಗೆದು ಕಚ್ಚಿದ ಕ್ಷಣದಲ್ಲೇ ಮೊಟ್ಟೆ ಸಿಡಿದು ಬಾಯಿ ಸುಟ್ಟುಕೊಂಡವರಿದ್ದಾರೆ.

ಕೆಟ್ಟ ಮೊಟ್ಟೆಯನ್ನು ಪತ್ತೆ ಮಾಡಲು ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆ ಬೇಯಿಸಿದ್ದಕ್ಕೆ ನಡೆಯುವುದಿಲ್ಲ. ಡಬ್ಬಿ ತೆರೆದಾಗ ಹಾಯುವ ಸಣ್ಣ ಗಂಧಕದ ವಾಸನೆಯೂ ಕೆಟ್ಟಿದ್ದರ ಲಕ್ಷಣವಲ್ಲ, ಸ್ವಲ್ಪ ಹೊತ್ತಿನಲ್ಲಿ ಅದು ಹೋಗುತ್ತದೆ. ಸುಲಿದ ಮೇಲೂ ಹೋಗದೆ ಮೂಗಿಗೆ ರಾಚುವ ಕೊಳೆತ ನಾತ, ಬೆರಳಿಗೆ ತಾಗುವ ಲೋಳೆಯಂಥ ಜಾರು, ಬಿಳಿಭಾಗದ ಮೇಲೆ ಗುಲಾಬಿ ಅಥವಾ ಕಪ್ಪು ಕಲೆ, ಇವುಗಳಲ್ಲಿ ಒಂದಿದ್ದರೂ ರುಚಿ ನೋಡಲು ಹೋಗದೆ ಎಸೆಯಬೇಕು. ಇಂಥ ಯಾವ ಲಕ್ಷಣ ಕಾಣದಿದ್ದರೂ ಏಳು ದಿನ ದಾಟಿದ್ದರೆ ಎಸೆಯಲೇಬೇಕು, ಏಕೆಂದರೆ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಅದು ಬೆಳೆದದ್ದು ವಾಸನೆಯಿಂದಾಗಲಿ ಬಣ್ಣದಿಂದಾಗಲಿ ತಿಳಿಯುವುದಿಲ್ಲ. ಗರ್ಭಿಣಿಯರಿಗೂ ವಯಸ್ಸಾದವರಿಗೂ ಕೊಡುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಹೊಸದಾಗಿ ಬೇಯಿಸಿದ ಮೊಟ್ಟೆಗಳನ್ನು ಹಳೆಯವು ಉಳಿದಿರುವ ಡಬ್ಬಿಗೇ ಸೇರಿಸುವ ಅಭ್ಯಾಸ ಬೇಡ. ಹಳೆಯವು ಮುಗಿದ ಮೇಲೆ ಡಬ್ಬಿಯನ್ನೂ ಮುಚ್ಚಳದ ಅಂಚಿನ ರಬ್ಬರನ್ನೂ ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಮುಂದಿನ ವಾರದವನ್ನು ಇಡಬೇಕು.