ರೇಸ್ ಬಿಟ್ಟ ಕುದುರೆಯನ್ನು ಈವೆಂಟಿಂಗ್‌ಗೆ ತಯಾರು ಮಾಡಿದ್ದು

ಈವೆಂಟಿಂಗ್ ಅಂದರೆ ಒಂದೇ ಕುದುರೆ ಮೂರು ಪರೀಕ್ಷೆ ಎದುರಿಸುವ ಸ್ಪರ್ಧೆ: ಡ್ರೆಸಾಜ್ (ಹೇಳಿದ ಚಲನೆಗಳನ್ನು ನಯವಾಗಿ ಮಾಡಿ ತೋರಿಸುವುದು), ಕ್ರಾಸ್‌ಕಂಟ್ರಿ (ಬಯಲಿನ ತಡೆಗಳನ್ನು ಹಾರುತ್ತ ಓಡುವುದು), ಶೋ ಜಂಪಿಂಗ್ (ತಾಗಿದರೆ ಬೀಳುವ ಕಂಬಗಳ ಮೇಲೆ ಹಾರುವುದು). ರೇಸಿನಿಂದ ಬಂದ ಥರೋಬ್ರೆಡ್ (ರೇಸಿಗೆಂದೇ ಬೆಳೆಸಿದ ತಳಿ) ಕ್ರಾಸ್‌ಕಂಟ್ರಿ ಓಡೀತು, ಡ್ರೆಸಾಜ್‌ನಲ್ಲಿ ಕೈಕೊಡುತ್ತೆ ಅಂತ ಲಾಯದವರೆಲ್ಲ ಹೇಳಿದ್ದರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಯುರೋಪಿನ ಕುದುರೆ ಮೇಲೆ ತಾನೇ ಅನ್ನೋದು ಅವರ ವಾದ. ಅಂಥ ಕುದುರೆಯ ಬೆಲೆ ನಮಗೆಲ್ಲಿ ಎಟುಕಬೇಕು! ಈ ಸೀಸನ್‌ನಲ್ಲಿ ನನ್ನ ಕುದುರೆ ಡ್ರೆಸಾಜ್‌ನಲ್ಲಿ ಶೇ 64ರ ಆಸುಪಾಸು ತಂದಿತು, ಅಂದರೆ ನೂರಕ್ಕೆ ಉಳಿದ 36 ಪೆನಾಲ್ಟಿ; ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಹೇಗೆ ತಯಾರು ಮಾಡಿದೆ ಅಂತ ಈಗ ಅವರೇ ಕೇಳುತ್ತಿದ್ದಾರೆ.

ಮೊದಲ ಎರಡು-ಮೂರು ತಿಂಗಳು ಜಂಪಿಂಗ್ ಇಲ್ಲ. ಅಲ್ಯೂಮಿನಿಯಂ ಲಾಳ ತೆಗೆಸಿ ಕಬ್ಬಿಣದ್ದು ಹೊಡೆಸಿದೆ. ಓಟ್ಸ್ ಅರ್ಧಕ್ಕಿಳಿಸಿ ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು ಹೆಚ್ಚಿಸಿದೆ. ನಡುವೆ ಬೇಯಿಸಿದ ಹುರುಳಿಯನ್ನೂ ಕೊಟ್ಟು ನೋಡಿದೆ: ಮೈ ಮಿಂಚಿತು, ಆದರೆ ಕುದುರೆ ಕೈಗೆ ಸಿಗದಷ್ಟು ಬಿಸಿಯಾಯಿತು, ನಿಲ್ಲಿಸಿದೆ.

ಕೆಡುವುದೆಲ್ಲ ಲಗಾಮಿನಲ್ಲಿ. ಲಗಾಮಿಗೆ ಒರಗಿ ಓಡುವುದೇ ರೇಸಿನ ಪಾಠ, ಎಳೆದಷ್ಟೂ ನುಗ್ಗುತ್ತದೆ. ಗಡುಸಾದ ಬಿಟ್ (ಬಾಯೊಳಗಿನ ಕಡಿವಾಣ) ಹಾಕಿದರೆ ತಲೆ ಎತ್ತಿ ಬೆನ್ನು ತಗ್ಗಿಸುತ್ತದೆ. ಸ್ನಾಫಲ್ ಅನ್ನೋ ಸಾದಾ ಬಿಟ್ ಸಾಕು. 20 ಮೀಟರ್ ವೃತ್ತದಲ್ಲಿ ಹತ್ತು ಹೆಜ್ಜೆ ಟ್ರಾಟ್ (ಕುಕ್ಕುಲೋಟ), ಐದು ಹೆಜ್ಜೆ ವಾಕ್, ಮತ್ತೆ ಟ್ರಾಟ್. ತಡೆಯುವುದು ಸೀಟಿನಿಂದ, ಅಂದರೆ ಜೀನಿನ ಮೇಲೆ ಕೂತ ಭಾರದಿಂದ, ಕೈಯಿಂದಲ್ಲ. ಒಂದೇ ದಿಕ್ಕಿಗೆ ಓಡಿ ರೂಢಿಯಾದ್ದರಿಂದ ಇನ್ನೊಂದು ಬದಿಯ ಕ್ಯಾಂಟರ್ ಲೀಡ್ (ಹದವಾದ ಓಟದಲ್ಲಿ ಆ ಬದಿಯ ಮುಂಗಾಲು ಮುಂದಾಗುವುದು) ಸಿಗುವುದೇ ಇಲ್ಲ. ಅದನ್ನು ಹಿಡಿಸಿದ ಉಪಾಯ ಮಾತ್ರ ಇಲ್ಲಿ ಹೇಳುವುದಿಲ್ಲ.

ದಮ್ಮಿಗೆ ನಾಲ್ಕೈದು ದಿನಕ್ಕೊಮ್ಮೆ ಇಂಟರ್ವಲ್: ನಿಮಿಷಕ್ಕೆ 400 ಮೀಟರ್ ವೇಗದಲ್ಲಿ ಐದೈದು ನಿಮಿಷದ ಮೂರು ಕ್ಯಾಂಟರ್, ನಡುವೆ ಎರಡು-ಮೂರು ನಿಮಿಷ ವಾಕ್. ಒನ್ ಸ್ಟಾರ್ (ಅಂತರರಾಷ್ಟ್ರೀಯ ಸ್ಪರ್ಧೆಯ ಮೊದಲ ಹಂತ) ಕ್ರಾಸ್‌ಕಂಟ್ರಿಗೆ ಬೇಕಾದ 500 ಮೀಟರ್ ವೇಗ ಈ ಕುದುರೆಗೆ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡುವುದು ಹಳ್ಳ, ನೀರು. ಒಮ್ಮೆ ಹಾರಲು ನಿರಾಕರಿಸಿದರೆ ಪೆನಾಲ್ಟಿ 20, ಅದೇ ತಡೆಯಲ್ಲಿ ಎರಡನೇ ಸಲಕ್ಕೆ ಇನ್ನೂ 40. ತಡವಾದರೆ ಸೆಕೆಂಡಿಗೆ 0.4 ಮಾತ್ರ. ಒಂದು ನಿರಾಕರಣೆ ಅಂದರೆ 50 ಸೆಕೆಂಡ್ ತಡವಾದಂತೆ. ಹಾಗಾಗಿ ಹಳ್ಳದ ಮುಂದೆ ಟ್ರಾಟಿಗಿಳಿಸಿ ನೋಡಲು ಬಿಡುವುದೇ ಅಗ್ಗ.

ಚಪ್ಪಟೆಯಾಗಿ ಹಾರುವುದು ಇನ್ನೊಂದು ಚಾಳಿ, ಶೋ ಜಂಪಿಂಗ್‌ನಲ್ಲಿ ಬಿದ್ದ ಕಂಬಕ್ಕೆ ನಾಲ್ಕು ನಾಲ್ಕು ಪೆನಾಲ್ಟಿ ಬೀಳುತ್ತದೆ. ಕ್ರಾಸ್ ಪೋಲಿಗೆ (ಎರಡು ಕಂಬ ಅಡ್ಡಡ್ಡ ಇಟ್ಟ X ಆಕಾರದ ತಡೆ) ಸುಮಾರು 2.7 ಮೀಟರ್ ಮುಂಚೆ ನೆಲದ ಮೇಲೊಂದು ಕಂಬ ಇಟ್ಟು ಟ್ರಾಟ್‌ನಲ್ಲೇ ಹಾರಿಸಿ. ಬೆನ್ನು ತಾನೇ ದುಂಡಗಾಗುತ್ತದೆ.

ಕುದುರೆ ಅಗ್ಗ, ಸಾಕುವುದು ದುಬಾರಿ: ಐದಾರು ವಾರಕ್ಕೊಮ್ಮೆ ಲಾಳ, ಹೊಟ್ಟೆಹುಣ್ಣಿನ ಔಷಧಿ, ಸೈಸ್ (ಕುದುರೆ ನೋಡಿಕೊಳ್ಳುವವ) ಸಂಬಳ ಎಲ್ಲ ಸೇರಿ ತಿಂಗಳಿಗೆ 35–40 ಸಾವಿರ ಬಿದ್ದಿರಬೇಕು. ಐಸಿಗೆ ಮಾತ್ರ ಜಿಪುಣತನ ಬೇಡ. ಕ್ರಾಸ್‌ಕಂಟ್ರಿ ಮುಗಿದ ಸಂಜೆ ಕಾಲಿಗೆ 20 ನಿಮಿಷ ಐಸ್ ಇಡಿ. ಮರುದಿನದ ತಪಾಸಣೆಯಲ್ಲಿ ವೆಟ್ ಮುಂದೆ ಕುಂಟಿದರೆ ಶೋ ಜಂಪಿಂಗೇ ಇಲ್ಲ.