ಜೀಪಿಗೆ 31 ಇಂಚಿನ ಟೈರು, ಹೌಸಿಂಗಿಗೆ ಯಾವ ಹಲ್ಲು?

ನನ್ನದು 1992ರ ಮಹೀಂದ್ರಾ ಎಂಎಂ540. ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ, 4 ಗೇರು. ಹನುಮಂತನಗರದಲ್ಲಿ ನಮ್ಮ ಮನೆ ಮುಂದೆ ನಿಂತಿರುತ್ತದೆ. ತಿಂಗಳಿಗೊಂದು ಸಲವಾದರೂ ಸಕಲೇಶಪುರದ ಹತ್ತಿರ ಮಾವನ ಕಾಫಿ ತೋಟಕ್ಕೆ ಹೋಗಿಬರುತ್ತದೆ.

ದೊಡ್ಡ ಟೈರಿನ ಆಸೆ ಹುಟ್ಟಿದ್ದೇ ಆ ತೋಟದಲ್ಲಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳದ ಜಾಡು ಬೀಳುತ್ತದೆ. ಮಧ್ಯದ ದಿಬ್ಬಕ್ಕೆ ಜೀಪಿನ ಹಿಂದಿನ ಹೌಸಿಂಗ್, ಅಂದರೆ ಎರಡು ಚಕ್ರಗಳ ನಡುವೆ ಆಕ್ಸಲ್ ಮತ್ತು ಗೇರು ಕೂತಿರುವ ಕಬ್ಬಿಣದ ಕವಚ, ತಗುಲಿ ನಿಂತುಬಿಡುತ್ತದೆ. ಪಟ್ಟಾ ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇರುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಹೌಸಿಂಗ್ ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ನನ್ನ ಜೀಪಿನಲ್ಲಿದ್ದದ್ದು 6.00-16 ಅಳತೆಯ ಟೈರು. ಅದರ ಬದಲು 15 ಇಂಚಿನ ರಿಮ್ ಮೇಲೆ 31x10.5 ಹಾಕಿಸಿದೆ. ಹೌಸಿಂಗ್ ಮೂರು ಸೆಂಟಿಮೀಟರಿನಷ್ಟು ಮೇಲೆ ಬಂತು. ಆ ಜಾಡಿಗೆ ಅಷ್ಟು ಸಾಕು.

ಆದರೆ ಎಳೆತ ಹೋಯಿತು. ಮನೆ ಹತ್ತಿರದ ಮೌಂಟ್ ಜಾಯ್ ರಸ್ತೆಯ ಏರನ್ನು ಮೊದಲು ಸೆಕೆಂಡ್ ಗೇರಿನಲ್ಲಿ ಆರಾಮಾಗಿ ಹತ್ತುತ್ತಿತ್ತು. ಈಗ ಫಸ್ಟ್‌ಗೆ ಇಳಿಸಬೇಕು. ಎದುರಿಗೆ ಆಟೋ ಬಂದು ಅರ್ಧದಲ್ಲಿ ನಿಂತರೆ, ಮತ್ತೆ ಹೊರಡುವಾಗ ಕ್ಲಚ್ ಸುಟ್ಟ ವಾಸನೆ.

ಯಾಕೆ ಹೀಗೆ ಅಂತ ಲೆಕ್ಕ ಹಾಕಲು ಕೂತೆ. ಟೈರಿನ ಮೇಲೆ ಬರೆದ ಅಳತೆಯನ್ನು ಹಾಗೇ ತೆಗೆದುಕೊಳ್ಳಬೇಡಿ. ಗಾಡಿ ಭಾರಕ್ಕೆ ಟೈರು ಸ್ವಲ್ಪ ಕುಗ್ಗಿರುತ್ತದೆ. ಗಾಳಿ ಸರಿಯಾಗಿ ತುಂಬಿಸಿ, ಟೈರಿಗೂ ನೆಲಕ್ಕೂ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಗಾಡಿಯನ್ನು ನೇರಕ್ಕೆ ತಳ್ಳಿ. ಟೈರಿನ ಗುರುತು ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟುವ ಜಾಗದವರೆಗೆ ಟೇಪ್ ಹಿಡಿಯಿರಿ. ನನಗೆ ಹಳೆ ಟೈರಿಗೆ 2.20 ಮೀಟರ್, ಹೊಸದಕ್ಕೆ 2.40 ಮೀಟರ್ ಸಿಕ್ಕಿತು. ಅಂದರೆ ಒಂದು ಸುತ್ತಿಗೆ ಶೇ. 9ರಷ್ಟು ಜಾಸ್ತಿ ದೂರ. ಎಂಜಿನ್ ಅದೇ, ಗೇರ್ ಅದೇ. ದೂರ ಎಷ್ಟು ಜಾಸ್ತಿಯೋ ಎಳೆತ ಅಷ್ಟು ಕಡಿಮೆ.

ನನ್ನ ಮೇಸ್ತ್ರಿ ಹಳೆ ಜೀಪುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕೇಳಿದ ಕೂಡಲೇ ಹೇಳಿದರು: "ಸಾರ್, ಎರಡೂ ಹೌಸಿಂಗಿಗೆ 43-8 ಹಾಕ್ಬಿಡಿ. ಆನೆ ತರ ಎಳೆಯುತ್ತೆ."

43-8 ಅಂದರೆ ಹೌಸಿಂಗಿನೊಳಗಿನ ದೊಡ್ಡ ಗೇರು ಕ್ರೌನಿಗೆ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್‌ಗೆ 8. ಭಾಗಿಸಿದರೆ 5.38. ಅಂದರೆ ಎಂಜಿನ್ ಕಡೆಯಿಂದ ಹೌಸಿಂಗಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಈ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. ನನಗೂ ಅದೇ ಸರಿ ಅನ್ನಿಸಿತು. ಆದರೆ ಈಗ ಒಳಗೆ ಯಾವುದಿದೆ ಅಂತ ಗೊತ್ತಿಲ್ಲದೆ ಹೊಸದನ್ನು ಹೇಗೆ ಆರಿಸುವುದು, ಅಲ್ವಾ? ಮೂವತ್ತು ವರ್ಷದಲ್ಲಿ ಎಷ್ಟೋ ಕೈ ದಾಟಿದ ಜೀಪು. ಪುಸ್ತಕದಲ್ಲಿ ಇದ್ದದ್ದೇ ಹೌಸಿಂಗಿನಲ್ಲೂ ಇರುತ್ತದೆ ಅಂತ ನಂಬುವ ಹಾಗಿಲ್ಲ.

ಬಿಚ್ಚದೆಯೂ ತಿಳಿಯಬಹುದು. ಸಮ ನೆಲದಲ್ಲಿ ಮೂರು ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಲ್ಲಿ ಎತ್ತಿ. ಗೇರ್ ನ್ಯೂಟ್ರಲ್. ನನ್ನ ಜೀಪಿನಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಎಳೆತವನ್ನು ಹಿಂದಿನ, ಮುಂದಿನ ಶಾಫ್ಟಿಗೆ ಹಂಚುವ ಪೆಟ್ಟಿಗೆ) ಹಿಂದೆ ಶಾಫ್ಟ್ ಮೇಲೆಯೇ ಇದೆ. ಹಾಗಾಗಿ ಅದನ್ನೂ ಬಿಡಬೇಕು. ಅದಕ್ಕೇ ಕಲ್ಲು ಗಟ್ಟಿಯಾಗಿರಲಿ, ಗಾಡಿ ಕೆಳಗೆ ಯಾರೂ ನುಗ್ಗಬೇಡಿ. ಶಾಫ್ಟ್ ಮೇಲೊಂದು ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿರುವುದರಿಂದ ಇದು ಎರಡು, ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಷಿಯೋ.

ಹಿಂದೆ ನಾಲ್ಕೂಕಾಲು ಸುತ್ತಿಗಿಂತ ಕೂದಲೆಳೆ ಜಾಸ್ತಿ ಬಂತು. 47-11, ಅಂದರೆ 4.27.

ಮುಂದಿನದನ್ನೂ ನೋಡೋಣ ಅಂತ ಫೋರ್ ವೀಲ್ ಡ್ರೈವ್ ಬಿಡಿಸಿ, ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಸೇರಿಸುವ ಹಬ್ ಲಾಕ್ ಮಾಡಿ, ಹಾಗೇ ತಿರುಗಿಸಿದೆ. ಐದು ಸುತ್ತಿಗೆ ಸ್ವಲ್ಪವೇ ಕಡಿಮೆ. ನಂಬಿಕೆ ಬರಲಿಲ್ಲ. ಮೂರು ಸಲ ಎಣಿಸಿದೆ. ಆಮೇಲೆ ಮೇಸ್ತ್ರಿ ಹತ್ತಿರ ಕವರ್ ಬಿಚ್ಚಿಸಿ ಹಲ್ಲನ್ನೇ ಎಣಿಸಿದೆವು. ಮುಂದೆ 39-8, ಅಂದರೆ 4.88.

ಹಿಂದಿನ ಮಾಲೀಕರು ಯಾರೋ ಮೈಲೇಜ್ ಸಿಗಲಿ ಅಂತ ಹಿಂದಿನ ಹೌಸಿಂಗಿಗೆ ಮಾತ್ರ 47-11 ಹಾಕಿಸಿ, ಮುಂದಿನದನ್ನು ಹಾಗೇ ಬಿಟ್ಟಿದ್ದರು. ಟೂ ವೀಲ್‌ನಲ್ಲಿ ಓಡಿಸುವವರೆಗೆ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ಹಿಂದಿನ ಚಕ್ರ ಮುಂದಿನದಕ್ಕಿಂತ ಶೇ. 14ರಷ್ಟು ಜೋರಾಗಿ ಓಡಲು ನೋಡುತ್ತದೆ. ಕೆಸರಿನಲ್ಲಿ ಟೈರು ಜಾರುವುದರಿಂದ ಅದು ಅಡಗಿಹೋಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗ ಇಲ್ಲ, ಶಾಫ್ಟು ಗೇರುಗಳೆಲ್ಲ ಬಿಗಿದುಕೊಳ್ಳುತ್ತವೆ. ಮಾವನ ಕಾಫಿ ಕಣಕ್ಕೆ ಬಂದಾಗಲೆಲ್ಲ ಫೋರ್ ವೀಲ್ ಲಿವರ್ ಹೊರಗೆ ಬಾರದೆ, ಎರಡೂ ಕೈ ಹಾಕಿ ಎಳೆದು, ಹಿಂದಕ್ಕೆ ಮುಂದಕ್ಕೆ ಆಡಿಸಿ ಬಿಡಿಸುತ್ತಿದ್ದೆ. ಹಳೆ ಟೈರಿದ್ದಾಗ ಹಾಸನದ ರಸ್ತೆಯಲ್ಲಿ ಮೀಟರ್ 70 ತೋರಿಸುವಾಗ ಫೋನಿನ ಜಿಪಿಎಸ್ 80 ತೋರಿಸುತ್ತಿತ್ತು. ಎರಡಕ್ಕೂ ಹಳೆ ಗಾಡಿ ಅಂತ ಸಮಾಧಾನ ಹೇಳಿಕೊಂಡಿದ್ದೆ. ಎರಡೂ ಇದೇ ಹಲ್ಲಿನ ಕಥೆ ಹೇಳುತ್ತಿದ್ದವು.

ಹಾಗಾಗಿ ಪ್ರಶ್ನೆಯೇ ಬದಲಾಯಿತು. 43-8 ಬೇಕಾದರೆ ಎರಡು ಸೆಟ್ ಕೊಳ್ಳಬೇಕು, ಎರಡೂ ಹೌಸಿಂಗ್ ಬಿಚ್ಚಬೇಕು. 39-8 ಸಾಕು ಅಂದರೆ ಹಿಂದಕ್ಕೆ ಒಂದೇ ಸೆಟ್.

ಹೌಸಿಂಗ್ ಮುಟ್ಟದೆ ಟ್ರಾನ್ಸ್‌ಫರ್ ಕೇಸಿನಲ್ಲೇ ಏನಾದರೂ ಮಾಡಬಹುದಾ ಅಂತಲೂ ಯೋಚಿಸಿದೆ. ಈ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಮಾಮೂಲಿ ಓಟದ ಹೈ 1:1, ನಿಧಾನಕ್ಕೆ ಜೋರಾಗಿ ಎಳೆಯುವ ಲೋ 2.46:1. ಒಳಗಿನ ಲೋ ಗೇರ್ ಬದಲಿಸಿದರೆ ಲೋ ಮಾತ್ರ ಬದಲಾಗುತ್ತದೆ. ಏರಿನಲ್ಲಿ ಹೈನಲ್ಲೇ ಒದ್ದಾಡುವ ಗಾಡಿಗೆ ಅದರಿಂದ ಏನೂ ಸಿಗುವುದಿಲ್ಲ. ಜೊತೆಗೆ, ಹಿಂದೆ ಮುಂದೆ ಇರುವ ವ್ಯತ್ಯಾಸ ಹಾಗೇ ಉಳಿಯುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆ.

ಇಷ್ಟರಲ್ಲಿ ಇನ್ನೊಂದು ವಿಷಯ ತಿಳಿಯಿತು. ನಾನು ಟೈರು ಹಾಕಿಸುವ ಮೊದಲೇ ವಿಚಾರಿಸಬೇಕಾಗಿದ್ದ ವಿಷಯ ಇದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ರಸ್ತೆಗೆ ಮತ್ತೆ 6.00-16 ಚಕ್ರಗಳೇ ಬಂದವು. 31 ಇಂಚಿನವು ಮಾವನ ತೋಟದ ಶೆಡ್ಡಿನಲ್ಲಿ ಇವೆ. ಅಲ್ಲಿಗೆ ಹೋದ ಮೇಲೆ ಬದಲಿಸಿಕೊಂಡು ತೋಟದ ಒಳಗೆ ಮಾತ್ರ ಓಡಿಸುತ್ತೇನೆ. ನಾಲ್ಕು ಚಕ್ರ ಬದಲಿಸಲು ಅರ್ಧ ಗಂಟೆ ಸಾಕು.

ಈಗ ಲೆಕ್ಕ ಎರಡು ಟೈರಿಗೂ ಹೊಂದಬೇಕು. ಬೆಂಗಳೂರಿಂದ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಟಾಪ್ ಗೇರ್ 1:1. ಹಳೆ ಟೈರಿನಲ್ಲಿ 80ರ ವೇಗಕ್ಕೆ 47-11 ಇದ್ದರೆ ಎಂಜಿನ್ 2590 ಸುತ್ತು ತಿರುಗುತ್ತದೆ. 39-8 ಆದರೆ 2960. 43-8 ಆದರೆ 3260. ಈ ಎಂಜಿನ್ 3000 ದಾಟಿದರೆ ಕ್ಯಾಬಿನ್‌ನಲ್ಲಿ ಮಾತಾಡಲು ಆಗುವುದಿಲ್ಲ. ಮೂರು ನಾಲ್ಕು ಗಂಟೆ ಹಾಗೆ ಕೂರಲು ನನ್ನಿಂದ ಆಗದು. ಡೀಸೆಲ್ಲೂ ಸುಮ್ನೆ ಸುಡುತ್ತದೆ.

ತೋಟದಲ್ಲಿ 31 ಇಂಚಿಗೆ 39-8 ಹಾಕಿದರೆ, ಅದು ಹಳೆ ಟೈರಿಗೆ 4.47 ಹಾಕಿದ್ದಕ್ಕೆ ಸಮ. ಅಂದರೆ ಹಿಂದಿದ್ದ 4.27ಕ್ಕಿಂತ ಜಾಸ್ತಿ ಎಳೆತವೇ. ಫಸ್ಟ್ ಗೇರ್ ಸುಮಾರು 4 ಅಂತ ಇಟ್ಟುಕೊಂಡರೆ, ಲೋನಲ್ಲಿ ಒಟ್ಟು 4 x 2.46 x 4.88, ಅಂದರೆ 48. ಐಡ್ಲಿಂಗ್ 800ರಲ್ಲಿ ಗಾಡಿ ಗಂಟೆಗೆ 2.4 ಕಿ.ಮೀ. ತೆವಳುತ್ತದೆ. 43-8 ಹಾಕಿದ್ದರೆ 2.2 ಆಗುತ್ತಿತ್ತು. ಆ 0.2ಕ್ಕಾಗಿ ಹೋಗಿಬರುವ 440 ಕಿ.ಮೀ. ಕಿವಿ ಕೊರೆಸಿಕೊಳ್ಳುವುದು ಬೇಡ ಅನ್ನಿಸಿತು. ರಸ್ತೆಗೆ ಬಾರದೆ ತೋಟದಲ್ಲೇ ಇರುವ ಜೀಪಾಗಿದ್ದರೆ ನಾನೂ 43-8 ಅನ್ನೇ ಹಾಕಿಸುತ್ತಿದ್ದೆ. ಮೇಸ್ತ್ರಿಗೂ ಈ ಲೆಕ್ಕ ತೋರಿಸಿದೆ. ಕಾಗದ ನೋಡಿ, "ಸರಿ ಸಾರ್, 39-8 ತನ್ನಿ" ಅಂದರು.

ತರುವಾಗ ಒಂದು ಪೆಟ್ಟು ತಿಂದೆ. ಜೆ.ಸಿ. ರಸ್ತೆಯ ಕಡೆ ಒಂದು ಅಂಗಡಿಯಲ್ಲಿ ಬಳಸಿದ ಸೆಟ್ ಸಿಕ್ಕಿತು. ಹಲ್ಲು ಚೆನ್ನಾಗಿತ್ತು, ಬೆಲೆ ಕಡಿಮೆ ಇತ್ತು. ಹಲ್ಲು ಎಲ್ಲಿ ಒಂದಕ್ಕೊಂದು ತಾಗುತ್ತದೆ ಅಂತ ತಿಳಿಯಲು ಮೇಸ್ತ್ರಿ ಹಲ್ಲಿಗೆ ಪ್ರಷ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ಬಳಿದು ತಿರುಗಿಸಿ ನೋಡಿದರು. ಗುರುತು ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ, ತುದಿಗೆ ಬಿದ್ದರೆ ದೂರ ಇದೆ ಅಂತ ಅರ್ಥ. ಷಿಮ್, ಅಂದರೆ ತೆಳು ಲೋಹದ ಬಿಲ್ಲೆ, ಹಾಕಿ ತೆಗೆದು ಗುರುತನ್ನು ನಡುವಿಗೆ ತರಬೇಕು. ಇಡೀ ದಿನ ಷಿಮ್ ಬದಲಿಸಿದರೂ ಒಂದು ಮಗ್ಗುಲು ಸರಿಬಂದರೆ ಇನ್ನೊಂದು ಕೆಡುತ್ತಿತ್ತು. ಸಂಜೆ ಪಿನಿಯನ್ ಒರೆಸಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಕ್ರೌನ್ ಮೇಲೆ ಕೊರೆದಿದ್ದ ಜೋಡಿ ನಂಬರ್ ಬೇರೆ, ಪಿನಿಯನ್ ಮೇಲಿದ್ದದ್ದು ಬೇರೆ. ಕ್ರೌನ್ ಪಿನಿಯನ್ ಎರಡನ್ನೂ ಒಟ್ಟಿಗೇ ಉಜ್ಜಿ ಜೋಡಿ ಮಾಡಿರುತ್ತಾರೆ. ಹಲ್ಲಿನ ಲೆಕ್ಕ ಒಂದೇ ಆದರೂ ಜೋಡಿ ತಪ್ಪಿದರೆ ಕೂರುವುದಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಹೊಸ ಸೆಟ್ಟೇ ಕೊಂಡೆ, ಬೇರಿಂಗ್ ಮತ್ತು ಆಯಿಲ್ ಸೀಲನ್ನೂ ಹೊಸದೇ ಹಾಕಿಸಿದೆ. ಒಂದೇ ಹೌಸಿಂಗ್ ಮಾಡಿಸುವುದರಿಂದ ಉಳಿದ ದುಡ್ಡು ಇದಕ್ಕೆ ಸರಿಹೋಯಿತು.

ಹೊಸ ಸೆಟ್ ಎರಡನೇ ಸಲಕ್ಕೇ ಕೂತಿತು. ಬ್ಯಾಕ್‌ಲ್ಯಾಷ್, ಅಂದರೆ ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ, ಡಯಲ್ ಗೇಜಿನಲ್ಲಿ 0.18 ಮಿ.ಮೀ. ಬಂತು. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವವರ ಹತ್ತಿರ ಈ ಕೆಲಸ ಮಾಡಿಸಬೇಡಿ. ಡಯಲ್ ಗೇಜ್ ಇದೆಯಾ ಅಂತ ಮೊದಲೇ ಕೇಳಿ.

ಮೊದಲ ದಿನ 25 ಕಿ.ಮೀ. ಮೆಲ್ಲಗೆ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಟ್ಟೆ. ಹೀಗೆ ಮೂರು ನಾಲ್ಕು ಸಲ ಮಾಡಿದೆ. 800 ಕಿ.ಮೀ. ಆದಾಗ ಇಪಿ 90 ಆಯಿಲ್ ಬದಲಿಸಿದೆ. ಹಳೆ ಆಯಿಲಿನಲ್ಲಿ ಬೆಳ್ಳಿ ಪುಡಿಯಂಥ ಲೋಹ ಇತ್ತು. ಹೊಸ ಹಲ್ಲು ಪಳಗುವಾಗ ಅಷ್ಟು ಬರುವುದು ಸಹಜ. ಚೂರು ಸಿಕ್ಕಿದ್ದರೆ ಮಾತ್ರ ಮತ್ತೆ ಬಿಚ್ಚಬೇಕಿತ್ತು. ಆಕ್ಸಿಲೇಟರ್ ಒತ್ತಿದಾಗಲೂ ಬಿಟ್ಟಾಗಲೂ ಊಳಿಡುವ ಸದ್ದು ಇಲ್ಲ.

ಮೌಂಟ್ ಜಾಯ್ ರಸ್ತೆ ಮತ್ತೆ ಸೆಕೆಂಡ್ ಗೇರಿನದ್ದಾಯಿತು. ಹಾಸನದ ದಾರಿಯಲ್ಲಿ ಮೀಟರು, ಜಿಪಿಎಸ್ಸು ಎರಡೂ 80 ತೋರಿಸಿದವು. ಮೊದಲಿಗಿಂತ ಎಂಜಿನ್ ಸದ್ದು ಜಾಸ್ತಿ, ಅದು ನಿಜ. 75ಕ್ಕೆ ಇಳಿಸಿ ಓಡಿಸುತ್ತೇನೆ.

ತೋಟದಲ್ಲಿ 31 ಇಂಚಿನ ಚಕ್ರ ಹಾಕಿ, ಮೇಲಿನ ತೋಟದ ಏರನ್ನು ಲೋ ಫಸ್ಟ್‌ನಲ್ಲಿ ಹತ್ತಿಸಿದೆ. ಜಾಡಿನ ದಿಬ್ಬ ಹೌಸಿಂಗಿಗೆ ತಗುಲಲಿಲ್ಲ. ಇಳಿದು ಕಣಕ್ಕೆ ಬಂದು ನಿಲ್ಲಿಸಿದಾಗ ಮಾವ ಜಗಲಿಯಿಂದ ಎದ್ದು ಬಂದರು. "ಏನೋ, ಇವತ್ತು ಕುಸ್ತಿ ಇಲ್ವಾ?" ಅಂದರು. ಫೋರ್ ವೀಲ್ ಲಿವರ್ ಎರಡೇ ಬೆರಳಿಗೆ ಹಿಂದಕ್ಕೆ ಬಂದಿತ್ತು.