ಜಿಮ್ನಿಗೆ ದೊಡ್ಡ ಟೈರ್: ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಮಲೆನಾಡಿನಲ್ಲಿ ಮಾರುತಿ ಜಿಮ್ನಿ ಇಟ್ಟುಕೊಂಡವರು ಮಳೆಗಾಲ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಒಂದೇ. "ಇನ್ನೂ ಸ್ವಲ್ಪ ದೊಡ್ಡ ಟೈರ್ ಹಾಕಿಸಬಹುದಾ?" ಹಾಕಿಸಬಹುದು. ಆದರೆ ಎಷ್ಟು ದೊಡ್ಡದು ಅನ್ನುವುದನ್ನು ಅಂಗಡಿಯ ಬಾಗಿಲಲ್ಲಿ ನಿಂತು ತೀರ್ಮಾನ ಮಾಡಬೇಡಿ. ಮನೆಯಲ್ಲೇ ಕೂತು ಒಂದು ಸಣ್ಣ ಲೆಕ್ಕ ಹಾಕಿ.

2023ರ ಜೂನ್‌ನಲ್ಲಿ ನಮ್ಮಲ್ಲಿ ಬಂದ ಐದು ಬಾಗಿಲಿನ ಜಿಮ್ನಿಗೆ ಕಂಪನಿ ಕೊಡುವ ಟೈರ್ 195/80 ಆರ್15. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 80. ಅಂದರೆ 156 ಮಿ.ಮೀ. ಕೊನೆಯ 15 ರಿಮ್ಮಿನ ಅಳತೆ, ಇಂಚಿನಲ್ಲಿ. 15 ಇಂಚು ಅಂದರೆ 381 ಮಿ.ಮೀ. ಗೋಡೆಯ ಎತ್ತರ ಮೇಲೊಂದು ಸಲ, ಕೆಳಗೊಂದು ಸಲ ಬರುತ್ತದೆ. ಹಾಗಾಗಿ 156ರ ಎರಡು ಪಟ್ಟಿಗೆ 381 ಸೇರಿಸಿ. 693 ಮಿ.ಮೀ. ಬಂತು. ನಿಮ್ಮ ಟೈರಿನ ಒಟ್ಟು ಎತ್ತರ ಇದು.

ಈಗ ಜನ ಹೆಚ್ಚಾಗಿ ಕೇಳುವ ಎರಡು ಅಳತೆಗಳನ್ನು ಇದೇ ಲೆಕ್ಕಕ್ಕೆ ಹಾಕಿ. 215/75 ಆರ್15 ಸುಮಾರು 703 ಮಿ.ಮೀ. ಆಗುತ್ತದೆ. 235/75 ಆರ್15 ಸುಮಾರು 733. ಮೊದಲನೆಯದು ಶೇ. 1.5ರಷ್ಟು ದೊಡ್ಡದು, ಎರಡನೆಯದು ಶೇ. 5.8.

ಗಾಡಿ ನೆಲದಿಂದ ಎಷ್ಟು ಮೇಲೇಳುತ್ತದೆ ಅಂತ ನೋಡಿದರೆ ಹಲವರಿಗೆ ಬೇಜಾರಾಗಬಹುದು. ಟೈರ್ ಎಷ್ಟು ಬೆಳೆಯಿತೋ ಅದರ ಅರ್ಧ ಮಾತ್ರ ಗಾಡಿಗೆ ಸಿಗುತ್ತದೆ. 215ರಲ್ಲಿ ಸಿಗುವುದು 5 ಮಿ.ಮೀ., 235ರಲ್ಲಿ 20 ಮಿ.ಮೀ. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ ಮೊದಲೇ 210 ಮಿ.ಮೀ. ಇದೆ. ಆದರೂ ಆ 20 ಮಿ.ಮೀ. ಸುಮ್ನೆ ಅಲ್ಲ. ಜಿಮ್ನಿಗೆ ಹಿಂದೆಯೂ ಮುಂದೆಯೂ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ದಂಡ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆ, ಆಕ್ಸಲಿನ ಮೇಲಿರುವ ಗೇರುಗಳ ಗುಂಡು, ಅಂದರೆ ಡಿಫರೆನ್ಷಿಯಲ್, ಮಾತ್ರ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ತಾಗುವ ಆ ಗುಂಡನ್ನು ಮೇಲೆತ್ತಲು ಇರುವ ದಾರಿ ದೊಡ್ಡ ಟೈರ್ ಒಂದೇ.

ಆ 20 ಮಿ.ಮೀ.ಗೆ ಬೇರೆ ಕಡೆ ಬೆಲೆ ಕಟ್ಟಬೇಕಾಗುತ್ತದೆ. ಇಂಜಿನ್ ಒಂದೂವರೆ ಲೀಟರಿನದು, ಟಾರ್ಕ್, ಅಂದರೆ ತಿರುಗಿಸುವ ಬಲ, 134 ನ್ಯೂಟನ್ ಮೀಟರ್. ಟೈರ್ ದೊಡ್ಡದಾದಷ್ಟೂ ಎಲ್ಲಾ ಗೇರುಗಳೂ ಎತ್ತರವಾದಂತೆ ಆಗುತ್ತವೆ, ಎಳೆಯುವ ಬಲ ಕಮ್ಮಿಯಾಗುತ್ತದೆ. ಜನ ತುಂಬಿಕೊಂಡು ಆಗುಂಬೆ ಘಾಟಿ ಹತ್ತುವಾಗ ಇದು ಕಾಲಿಗೆ ಗೊತ್ತಾಗುತ್ತದೆ. ಇಳಿಯುವಾಗ ಭಾರದ ಚಕ್ರಗಳನ್ನು ನಿಲ್ಲಿಸಲು ಬ್ರೇಕಿಗೂ ಕೆಲಸ ಜಾಸ್ತಿ. ಮೀಟರೂ ತಪ್ಪು ಹೇಳಲು ಶುರು ಮಾಡುತ್ತದೆ. ಮೊದಲು ನಿಜವಾಗಿ 100ರಲ್ಲಿ ಹೋಗುವಾಗ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ, 235 ಹಾಕಿದ ಮೇಲೆ ಅಲ್ಲೇ ನಿಂತಾಗ ಗಾಡಿ ಸುಮಾರು 106ರಲ್ಲಿ ಹೋಗುತ್ತಿರುತ್ತದೆ.

ಇನ್ನೊಂದು ವಿಷಯ ರಿಮ್ಮಿನದು. ಕಂಪನಿ ರಿಮ್ಮಿನ ಅಗಲ ಐದೂವರೆ ಇಂಚು. 215ಕ್ಕೆ ಅದು ಸಾಕು. 235/75ಕ್ಕೆ ಕನಿಷ್ಠ 6 ಇಂಚಿನ ರಿಮ್ ಬೇಕು. ಸಣ್ಣ ರಿಮ್ಮಿಗೆ ಅಗಲದ ಟೈರ್ ಏರಿಸಿದರೆ ನಡುಭಾಗ ಉಬ್ಬುತ್ತದೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ವಾಲುತ್ತದೆ. "ಕೂರುತ್ತೆ ಸಾರ್, ಏನೂ ಆಗಲ್ಲ" ಅಂದರೆ ಒಪ್ಪಬೇಡಿ.

ಅಗಲದ ಬಗ್ಗೆ ತೋಟದವರ ಅನುಭವ ಕೇಳಬೇಕು. ಕಾಫಿ ತೋಟಗಳಲ್ಲಿ ದುಡಿದ ಹಳೇ ಜೀಪುಗಳನ್ನು ನೋಡಿದ್ದೀರಲ್ವಾ? ಅವುಗಳಲ್ಲಿ ಎಷ್ಟೋ ಗಾಡಿಗೆ 6.00-16 ಅಳತೆಯ ಟೈರ್. ಅಗಲ ಬರೀ 6 ಇಂಚು. ಮಲೆನಾಡಿನ ತೋಟದ ದಾರಿಯಲ್ಲಿ ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ ನೆಲ. ಸಪೂರ ಟೈರ್ ಆ ಕೆಸರನ್ನು ಸೀಳಿಕೊಂಡು ಹೋಗಿ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ ಟೈರ್ ಕೆಸರಿನ ಮೇಲೇ ತೇಲಿ ಜಾರುತ್ತದೆ. ಕಡಲ ತೀರದ ಮರಳಿನಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ಅಗಲವೇ ಕಾಪಾಡುವುದು. ಕೊಡಗು, ಹಾಸನ, ಚಿಕ್ಕಮಗಳೂರಿನ ಓಡಾಟಕ್ಕೆ ನಾನು ಧೈರ್ಯವಾಗಿ ಹೇಳುವುದು 215/75 ಆರ್15. ಎತ್ತರ ಹೆಚ್ಚು ಸಿಗದಿದ್ದರೂ ಪರವಾಗಿಲ್ಲ. ನಿಮಗೆ ಬೇಕಾದ ಹಿಡಿತ ಅಳತೆಗಿಂತ ಜಾಸ್ತಿ ಟ್ರೆಡ್ಡಿನಿಂದ, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಗೀರುಗಳಿಂದ, ಬರುತ್ತದೆ.

ಟ್ರೆಡ್ಡಿನಲ್ಲಿ ಆಯ್ಕೆ ಎರಡು. ಎ.ಟಿ., ಅಂದರೆ ಆಲ್ ಟೆರೇನ್, ಡಾಂಬರಿಗೂ ಮಣ್ಣಿಗೂ ಆಗುತ್ತದೆ. ಎಂ.ಟಿ., ಅಂದರೆ ಮಡ್ ಟೆರೇನ್, ದೊಡ್ಡ ಗಟ್ಟಿಗಳ, ಅಗಲ ಸಂದುಗಳ ಟೈರ್. ಚಕ್ರ ತಿರುಗಿದಾಗ ಸಂದಿನ ಕೆಸರನ್ನು ಅದು ಎಸೆದುಬಿಡುತ್ತದೆ. ಎ.ಟಿ.ಯಲ್ಲಿ ಅಂಟುಮಣ್ಣು ತುಂಬಿಕೊಂಡು ಟೈರ್ ನುಣ್ಣಗಾಗುವುದುಂಟು. ಆದರೆ ಎಂ.ಟಿ. ಹೈವೇಯಲ್ಲಿ ಗುಂಯ್ ಅಂತ ಸದ್ದು ಮಾಡುತ್ತದೆ. ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಮ್ಮಿ. ವಾರಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ಘಾಟಿ ಇಳಿಯುವ ಮನೆಯವರಿಗೆ ಎಂ.ಟಿ. ಬೇಡ.

ದುಡ್ಡು ಕೊಡುವ ಮೊದಲು ಕಾನೂನನ್ನೂ ನೋಡಿ. ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಹಾಕಬಹುದು. ಜೈಲು ಶಿಕ್ಷೆಗೂ ಅವಕಾಶ ಇದೆ. ನೀವು ಯೋಚಿಸಿರುವ ಅಳತೆ ಹಾಕಬಹುದೇ ಅಂತ ಆರ್‌ಟಿಓದಲ್ಲಿ ವಿಚಾರಿಸಿ. ವಿಮೆ ಕಂಪನಿಗೂ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ "ಆಯ್ತು" ಅಂದದ್ದು ಅಪಘಾತದ ದಿನ ಕೈಗೆ ಬರುವುದಿಲ್ಲ.

ಇನ್ನು ಅಂಗಡಿಗೆ ಹೋಗೋಣ. ನಾನು ಮೊದಲ ಸಲ ಐದೂ ಟೈರ್ ಒಟ್ಟಿಗೆ ಹಾಕಿಸಿಬಿಟ್ಟೆ. ಚಾರ್ಮಾಡಿಯ ಹಿಮ್ಮುರಿ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕರಕರ ಸದ್ದು ಬಂತು. ಟೈರ್ ಒಳಗೆ ಉಜ್ಜುತ್ತಿತ್ತು. ಹೆದರಿಕೆ ಆದದ್ದು ಈಗಲೂ ನೆನಪಿದೆ. ನೀವು ಮೊದಲು ಒಂದೇ ಟೈರ್ ಏರಿಸಿ, ಮುಂದಿನ ಎಡಚಕ್ರಕ್ಕೆ ಹಾಕಿ ನೋಡಿ. ಸ್ಟೇರಿಂಗನ್ನು ಎಡಕ್ಕೆ ಕೊನೆಯವರೆಗೆ, ಆಮೇಲೆ ಬಲಕ್ಕೆ ಕೊನೆಯವರೆಗೆ ತಿರುಗಿಸಿ. ಬಂಪರಿನ ಹಿಂದಿನ ಅಂಚು, ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್, ಮಡ್‌ಫ್ಲ್ಯಾಪ್, ಆಕ್ಸಲನ್ನು ಹಿಡಿದಿರುವ ಕಬ್ಬಿಣದ ತೋಳು ಮತ್ತು ಬ್ರೇಕ್ ಪೈಪು, ಇಷ್ಟನ್ನೂ ಬಗ್ಗಿ ನೋಡಿ. ಎಲ್ಲಾ ಕಡೆ ಒಂದು ಬೆರಳಾದರೂ ಸಲೀಸಾಗಿ ತೂರಬೇಕು.

ಇಷ್ಟಕ್ಕೆ ನಿಲ್ಲಿಸಬೇಡಿ. ಆ ಚಕ್ರವನ್ನು ಅರ್ಧ ಅಡಿಯ ದಿಣ್ಣೆಗೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಮತ್ತೆ ಎರಡೂ ಕಡೆ ಸ್ಟೇರಿಂಗ್ ತಿರುಗಿಸಿ ನೋಡಿ. ಸಮನೆಲದಲ್ಲಿ ತಾಗದ ಟೈರ್ ಸ್ಪ್ರಿಂಗ್ ಕುಗ್ಗಿದಾಗ ತಾಗುತ್ತದೆ. ತೋಟದ ಚರಂಡಿ ದಾಟುವಾಗ ಆಗುವುದೂ ಇದೇ.

ಎಲ್ಲಾ ಸರಿಯಿದ್ದರೆ ಉಳಿದವನ್ನೂ ಹಾಕಿಸಿ. ಐದನ್ನೂ ಒಂದೇ ಕಂಪನಿಯ, ಒಂದೇ ಅಳತೆಯ ಟೈರ್ ಕೊಳ್ಳಿ. ಸ್ಟೆಪ್ನಿಯನ್ನು ಹಳೆಯದೇ ಉಳಿಸಿಕೊಂಡರೆ ಕಷ್ಟ. ಫೋರ್ ವೀಲ್ ಹಾಕಿದಾಗ ಜಿಮ್ನಿಯಲ್ಲಿ ಹಿಂದಿನ ಮುಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು. ಒಂದು ಚಕ್ರ ಸಣ್ಣದಾದರೂ ಗೇರುಗಳ ಮೇಲೆ ಎಳೆತ ಬೀಳುತ್ತದೆ. ಸ್ಟೆಪ್ನಿ ಹಿಂಬಾಗಿಲಿನ ಮೇಲೆ ನೇತಾಡುತ್ತದೆ ತಾನೇ? ಹೊಸದರ ತೂಕ ಜಾಸ್ತಿ. ಬಾಗಿಲಿನ ಕೀಲು ಬಿಗಿಯಾಗಿದೆಯಾ ಅಂತ ಆಗಾಗ ನೋಡುತ್ತಿರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿ ದಿನಾಂಕ ಇರುತ್ತದೆ. 2324 ಅಂತಿದ್ದರೆ 2024ರ 23ನೇ ವಾರ. ಹಳೇ ಸ್ಟಾಕ್ ಬೇಡ ಅನ್ನಿ. ಲೋಡ್ ಇಂಡೆಕ್ಸ್ 96ಕ್ಕಿಂತ ಕಮ್ಮಿ ಇರಬಾರದು. 96 ಅಂದರೆ ಒಂದು ಟೈರ್ 710 ಕೆ.ಜಿ. ಹೊರಬಲ್ಲದು. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಗಾಡಿ ಮುಂದೆ ಹೋಗುವ ದಿಕ್ಕಿಗೇ ಇರಬೇಕು. ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಒಂದು ಬಿಟ್ಟು ಒಂದರಂತೆ, ನಕ್ಷತ್ರ ಬರೆದ ಹಾಗೆ ಬಿಗಿಯಿರಿ. ಕೊನೆಯ ಬಿಗಿತ ಟಾರ್ಕ್ ಪಾನದಿಂದ (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್), ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುವ ಅಳತೆಗೆ. ಗಾಳಿಯ ಗನ್ನಿನಿಂದಲೇ ಪೂರ್ತಿ ಬಿಗಿಯಲು ಬಿಡಬೇಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅದೇ ದಿನ ಮುಗಿಸಿ.

ಗಾಳಿ ಎಷ್ಟು? ಡ್ರೈವರ್ ಬಾಗಿಲಿನ ಬಳಿ ಇರುವ ಚೀಟಿಯ ಅಳತೆಯಿಂದ ಶುರು ಮಾಡಿ. ಟೈರಿನ ಅಡ್ಡಕ್ಕೆ ದಪ್ಪ ಸೀಮೆಸುಣ್ಣದ ಗೆರೆ ಎಳೆದು, ನೇರ ರಸ್ತೆಯಲ್ಲಿ ನೂರು ಮೀಟರ್ ಓಡಿಸಿ ಬನ್ನಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಎರಡು ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ಒಂದೇ ಸಮ ಅಳಿಸುವವರೆಗೆ ಒಂದೊಂದೇ ಪಿಎಸ್‌ಐ ಬದಲಿಸಿ ನೋಡಿ, ಆದರೆ ಡಾಂಬರಿನ ಓಡಾಟಕ್ಕೆ ಚೀಟಿಯಲ್ಲಿ ಇರುವುದಕ್ಕಿಂತ ಕೆಳಗೆ ಇಳಿಸಬೇಡಿ. ಕೆಸರಿಗೆ ಅಂತ 18-20 ಪಿಎಸ್‌ಐಗೆ ಇಳಿಸಿದರೆ ನಿಧಾನವಾಗಿ ಓಡಿಸಿ, ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿಸಿ. ಒಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಹೊಸ ರಬ್ಬರಿನ ಮೇಲ್ಮೈ ಜಾರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರಾಗಿ ತಿರುಗಿಸುವುದು, ಗಕ್ಕನೆ ಬ್ರೇಕ್ ಹಾಕುವುದು ಬೇಡ. ನೂರು ಕಿಲೋಮೀಟರ್ ಆದ ಮೇಲೆ ಗಾಡಿ ನಿಲ್ಲಿಸಿ, ಪಾನ ತೆಗೆದು ಪ್ರತಿ ಚಕ್ರದ ಐದೂ ನಟ್ಟುಗಳನ್ನು ಇನ್ನೊಮ್ಮೆ ನೋಡಿ. ಒಂದಾದರೂ ತಿರುಗಿದರೆ, ಮರುದಿನವೂ ನೋಡಿ.